ದುರ್ಬೀನಕ್ಕ ಕಂಡದ್ದು

ಕೈ ಬಿಟ್ಟ ಮೇಲೆ ಯಾರ ಮಾತೂ ಕೇಳದ ವಿಮಾನವನ್ನು ಹಾರಿಸುವುದಕ್ಕೆ ಆಟ ಎಂದು ಹೆಸರಿಟ್ಟವನು ಯಾರೋ, ಅವನಿಗೆ ಹೆಂಡತಿ ಇರಲಿಲ್ಲವೆಂದೇ ಕಾಣುತ್ತದೆ. ಇದ್ದಿದ್ದರೆ ಅವಳನ್ನು ಕೇಳಿ ಬೇರೆ ಹೆಸರಿಡುತ್ತಿದ್ದ.

ಈ ವಿಮಾನಕ್ಕೆ ರಿಮೋಟಿಲ್ಲ, ದಾರವಿಲ್ಲ, ಎಣ್ಣೆಯಿಲ್ಲ. ಹಗುರ ಮರದ ಕಡ್ಡಿಗಳು, ತೆಳು ಹಾಳೆ ಹೊದಿಸಿದ ರೆಕ್ಕೆ, ಹೊಟ್ಟೆಯೊಳಗೆ ಒಂದು ಹಿಡಿ ರಬ್ಬರ್ ಎಳೆ, ಅಷ್ಟೇ. ಆ ರಬ್ಬರನ್ನು ಇನ್ನೊಂದು ಸುತ್ತು ತಿರುಗಿಸಿದರೆ ಹರಿದೇಹೋದೀತು ಎನ್ನುವ ತನಕ ತಿರುಚಿ, ಗಾಳಿ ನೋಡಿ ಮೇಲಕ್ಕೆ ಎಸೆಯಬೇಕು. ರಬ್ಬರ್ ಬಿಚ್ಚಿಕೊಳ್ಳುವವರೆಗೆ ಮೂತಿಯ ಫ್ಯಾನು ತಿರುಗಿ ವಿಮಾನ ಏರುತ್ತದೆ, ಆಮೇಲೆ ತೇಲುತ್ತದೆ. ನೆಲದ ಬಿಸಿಗಾಳಿ ಮೇಲೇಳುವ ಜಾಗಕ್ಕೆ ಸಿಕ್ಕಿಕೊಂಡರೆ ತೇಲುತ್ತಲೇ ಇರುತ್ತದೆ, ತಪ್ಪಿದರೆ ಹಾಗೇ ಇಳಿದುಬಿಡುತ್ತದೆ. ಯಾರದು ಹೆಚ್ಚು ಹೊತ್ತು ಮೇಲಿರುತ್ತದೋ ಅವರು ಗೆದ್ದರು. ಇಷ್ಟಕ್ಕಾಗಿ ದೇಶ ದೇಶಗಳಿಂದ ತಲೆ ನರೆತ ಗಂಡಸರು ಉದ್ದುದ್ದ ಪೆಟ್ಟಿಗೆ ಹೊತ್ತುಕೊಂಡು ಬರುತ್ತಾರೆ, ಬಯಲಿನಲ್ಲಿ ಬಿಸಿಲಿಗೆ ಒಣಗುತ್ತಾರೆ, ಮೂಗಿನ ತುದಿ ಸುಲಿಸಿಕೊಂಡು ಮನೆಗೆ ಹೋಗುತ್ತಾರೆ.

ದುರ್ಬೀನಕ್ಕನ ಗಂಡ ಅಂಥವರಲ್ಲೊಬ್ಬ. ಕೆಲಸ ಲಿಫ್ಟ್ ಮೆಕ್ಯಾನಿಕ್ಕಿನದು. ವಾರವಿಡೀ ಎತ್ತರದ ಕಟ್ಟಡಗಳ ಲಿಫ್ಟ್ ಗುಂಡಿಗಳೊಳಗೆ ಇಳಿದು ಗ್ರೀಸು ಮೆತ್ತಿಕೊಂಡು ಊರಿನವರನ್ನೆಲ್ಲ ಮೇಲೆ ಕಳಿಸುವವನಿಗೆ ರಜೆಯ ದಿನವೂ ಏನನ್ನಾದರೂ ಮೇಲೆ ಕಳಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಅವರ ಎರಡು ಕೋಣೆಯ ಮನೆಯಲ್ಲಿ ರೆಕ್ಕೆಗಳೇ ಮಾಲೀಕರು, ಗಂಡ ಹೆಂಡತಿ ಬಾಡಿಗೆಗೆ ಇದ್ದ ಹಾಗೆ. ಮಂಚದ ಕೆಳಗೆ ರೆಕ್ಕೆ, ಬೀರುವಿನ ಮೇಲೆ ಬಾಲ, ಬಚ್ಚಲಿನ ತಂತಿಯ ಮೇಲೆ ಸೋಪಿನ ನೀರಲ್ಲಿ ತೊಳೆದು ಒಣಹಾಕಿದ ರಬ್ಬರ್, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಪೊಟ್ಟಣ ಕಟ್ಟಿಟ್ಟ ಇನ್ನಷ್ಟು ರಬ್ಬರ್. ಒಮ್ಮೆ ಅವಳ ತಂಗಿ ಬಂದವಳು ಆ ಪೊಟ್ಟಣ ಹಿಡಿದುಕೊಂಡು, "ಅಕ್ಕಾ, ಇದನ್ನ ಎಷ್ಟು ಹೊತ್ತು ಬೇಯಿಸ್ಬೇಕು?" ಎಂದು ಕೇಳಿದ್ದಳು.

ದುರ್ಬೀನಕ್ಕ ಎಂಬ ಹೆಸರನ್ನು ಅವಳಿಗೆ ಕೊಟ್ಟವರು ಮೈದಾನದ ಜನ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ರಕ್ತದ ಗಾಜು ನೋಡುವವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಡಾಕ್ಟರಮ್ಮ ಹೇಳಿದ್ದರು: "ಕಂಡದ್ದು ಬರಿ. ಅಂದ್ಕೊಂಡದ್ದು ಬರೀಬೇಡ." ಅಂದಿನಿಂದ ಅವಳು ಬರೆದದ್ದನ್ನು ಯಾರೂ ಎರಡನೇ ಸಲ ನೋಡಿದವರಲ್ಲ. ಅಂಥ ಕಣ್ಣು ಬಯಲಿಗೆ ಬಂದರೆ ಬಿಡುತ್ತಾರೆಯೇ? ಕೈಗೆ ಒಂದು ದುರ್ಬೀನು, ಕೊರಳಿಗೆ ಒಂದು ಸ್ಟಾಪ್ ವಾಚು ಹಾಕಿ ಸಮಯ ನೋಡಲು ನಿಲ್ಲಿಸಿದರು.

ಇಲ್ಲೊಂದು ಪದ್ಧತಿ ಹೇಳಬೇಕು. ಈ ಆಟಕ್ಕೆ ಹಾರಿಸುವವರು ಬೇಕಾದಷ್ಟು ಜನ, ಸಮಯ ನೋಡುವವರು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಎದುರಾಳಿಗಳ ಮನೆಯವರೇ ಒಬ್ಬರಿಗೊಬ್ಬರು ಸಮಯ ನೋಡುತ್ತಾರೆ. ನಿನ್ನ ವಿಮಾನದ ಗಡಿಯಾರ ನನ್ನ ಹೆಂಡತಿಯ ಕೈಯಲ್ಲಿ, ನನ್ನದು ನಿನ್ನ ತಮ್ಮನ ಕೈಯಲ್ಲಿ. ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗೆ ಎಂದು ಹೊರಗಿನವರು ನಗಬಹುದು. ಆದರೆ ಆ ಬಯಲಿನಲ್ಲಿ ಬೆಕ್ಕು ಹಾಲು ಕುಡಿದ ಸುದ್ದಿ ಯಾರೂ ಕೇಳಿರಲಿಲ್ಲ, ಅದೇ ಅವರ ಹೆಮ್ಮೆ.

ಈಗ ಆ ವರ್ಷದ ಮಾತು. ವಿಶ್ವ ಪಂದ್ಯಕ್ಕೆ ದೇಶದಿಂದ ಮೂವರು ಹೋಗುತ್ತಾರೆ. ಋತುವಿನುದ್ದಕ್ಕೂ ಬೇರೆ ಬೇರೆ ದೇಶಗಳಲ್ಲಿ ನಡೆಯುವ ಪಂದ್ಯಗಳ ಅಂಕ ಕೂಡಿಸಿ ಆ ಮೂವರನ್ನು ಆರಿಸುವುದು. ಹಿಂದಿನ ವರ್ಷ ದುರ್ಬೀನಕ್ಕನ ಗಂಡ ನಾಲ್ಕನೆಯವನಾದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಗೆ ಬಂದು ಪೆಟ್ಟಿಗೆಯನ್ನು ಮೇಲಿಟ್ಟವನು ಮಾತು ನಿಲ್ಲಿಸಿದ. ಸಿಟ್ಟಲ್ಲ, ಮುನಿಸಲ್ಲ. ಕರೆದರೆ ಹೂಂ, ಬಡಿಸಿದರೆ ಹೂಂ. ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದಾಗ ಅವನು ಟೂಲ್ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಮೆಟ್ಟಿಲಲ್ಲೇ ಕೂತಿದ್ದ. "ಯಾಕ್ರೀ, ಬೀಗದ ಕೈ ಮರೆತ್ರಾ?" ಅಂದಳು. "ಇಲ್ಲ. ಹತ್ತೋಕೆ ಮನಸಾಗಲಿಲ್ಲ," ಅಂದ. ವೈದ್ಯರು, ಮಾತ್ರೆ, ಅಳೆದು ಸುರಿದಂಥ ಮಾತು, ಹೀಗೆ ಚಳಿಗಾಲ ಕಳೆಯಿತು. ಬಿಸಿಲು ಬಂದ ಮೇಲೆ ಅವನೇ ಪೆಟ್ಟಿಗೆ ಕೆಳಗಿಳಿಸಿದ.

ಗೆಲ್ಲಲಿ ಬಿಡಲಿ, ಮಾತು ನಿಲ್ಲದಿದ್ದರೆ ಸಾಕು ಎಂದು ದುರ್ಬೀನಕ್ಕ ತನಗೆ ತಾನೇ ಹೇಳಿಕೊಂಡಳು. ಆದರೆ ಅದೂ ಇದೂ ಬೇರೆಯಲ್ಲವೆಂದು ಅವಳಿಗೆ ಗೊತ್ತಿತ್ತು. ಈ ಸಲವೂ ನಾಲ್ಕನೆಯವನಾದರೆ ಅವನು ಮತ್ತೆ ಆ ಮೆಟ್ಟಿಲ ಮೇಲೆ ಕೂರುತ್ತಾನೆ, ಈ ಸಲ ಏಳುತ್ತಾನೋ ಇಲ್ಲವೋ. ಇದೇ ಅವಳ ಹೆದರಿಕೆ. ಇದನ್ನು ಯಾರಿಗೂ ಹೇಳದೆ, ಬಾಯಲ್ಲಿಟ್ಟ ಬಿಸಿ ತುಪ್ಪದಂತೆ ಉಗುಳಲೂ ಆಗದೆ ನುಂಗಲೂ ಆಗದೆ, ಆ ಋತುವಿಡೀ ಊರೂರು ತಿರುಗಿದಳು.

ಮೊದಲ ಪಂದ್ಯದಲ್ಲಿ ಗಾಳಿ ಕೈಕೊಟ್ಟಿತು. ಎರಡನೆಯದರಲ್ಲಿ ಅವನೇ ಎಡವಟ್ಟು ಮಾಡಿಕೊಂಡ. ಈ ವಿಮಾನದಲ್ಲಿ ಒಂದು ಪುಟ್ಟ ಗಡಿಯಾರವಿರುತ್ತದೆ. ಇಟ್ಟ ಹೊತ್ತಿಗೆ ಅದು ಬಾಲವನ್ನು ಎತ್ತಿಬಿಡುತ್ತದೆ, ವಿಮಾನ ತೊಪ್ಪನೆ ಇಳಿಯುತ್ತದೆ. ಇಲ್ಲದಿದ್ದರೆ ಬಿಸಿಗಾಳಿಗೆ ಸಿಕ್ಕದ್ದು ಪಕ್ಕದ ದೇಶಕ್ಕೇ ಹೋದೀತು. ಬೆಳಗಿನ ಅಭ್ಯಾಸಕ್ಕೆಂದು ಅರೆ ನಿಮಿಷಕ್ಕೆ ಇಟ್ಟದ್ದನ್ನು ಬದಲಿಸಲು ಮರೆತು ಪಂದ್ಯದಲ್ಲಿ ಎಸೆದ. ಚೆನ್ನಾಗಿ ಏರುತ್ತಿದ್ದ ವಿಮಾನ ನಡು ಆಕಾಶದಲ್ಲಿ ಬಾಲವೆತ್ತಿ ಕಾಲ ಬುಡಕ್ಕೇ ಬಂದು ಬಿತ್ತು. ಹೋಟೆಲಿನ ಕೋಣೆಯಲ್ಲಿ ಅವನು ಗೋಡೆ ನೋಡುತ್ತ ಮಲಗಿದ, ಅವಳು ಅವನ ಬೆನ್ನು ನೋಡುತ್ತ ಮಲಗಿದಳು. "ಏನಾದ್ರೂ ಮಾತಾಡಿ," ಅಂದಳು. ಬಹಳ ಹೊತ್ತಾದ ಮೇಲೆ, "ಮೂರ್ಖನ ತಲೆಗೆ ಕೋಡು ಬರೋದಿಲ್ಲ ಅಂತ ಯಾರು ಹೇಳಿದ್ದು?" ಅಂದ. ಅಷ್ಟಾದರೂ ಅಂದನಲ್ಲ ಎಂದು ಅವಳಿಗೆ ನಿದ್ದೆ ಬಂತು.

ಮೂರನೆಯದರಲ್ಲಿ ಗೆದ್ದ. ಅಲ್ಲಿಂದ ಅಂಕ ಏರಿತು. ಕೊನೆಯ ಪಂದ್ಯದ ಹೊತ್ತಿಗೆ ತಂಡದ ಎರಡು ಜಾಗ ಭರ್ತಿಯಾಗಿ, ಮೂರನೆಯದಕ್ಕೆ ಇಬ್ಬರು ಉಳಿದಿದ್ದರು: ಇವಳ ಗಂಡ, ಮತ್ತೆ ಹಲ್ಲಿನ ಡಾಕ್ಟರು. ಇಬ್ಬರಲ್ಲಿ ಯಾರು ಮುಂದೆ ನಿಲ್ಲುತ್ತಾರೋ ಅವರಿಗೆ ಜಾಗ.

ಹಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ. ಕಿತ್ತಳೆ ಬಣ್ಣದ ವಿಮಾನ, ಬಾಲದ ಮೇಲೆ ಒಂದು ದವಡೆ ಹಲ್ಲಿನ ಚಿತ್ರ. ಮೈದಾನದಲ್ಲಿ ಯಾರ ಹಲ್ಲು ನೋವಾದರೂ ಕಾರಿನ ಡಿಕ್ಕಿಯ ಮೇಲೆ ಕೂರಿಸಿ ನೋಡುತ್ತಿದ್ದರು. ಆದರೆ ಒಂದು ಚಾಳಿ. ಗಾಳಿ ಓದುವ ಗೋಜಿಗೆ ಅವರು ಹೋದವರಲ್ಲ. ಬೇರೆ ಯಾರಾದರೂ ಎಸೆಯುವ ತನಕ ಕಾಯುವುದು, ಅವರದು ಏರಿತೆಂದರೆ ಅದರ ಬೆನ್ನಿಗೇ ತನ್ನದನ್ನು ಎಸೆಯುವುದು. ಇದು ತಪ್ಪಲ್ಲ, ಎಲ್ಲರೂ ಅಷ್ಟಿಷ್ಟು ಮಾಡುವುದೇ. ಆದರೂ ಯಾರೋ ಕಷ್ಟಪಟ್ಟು ತೆಗೆದ ಬಾಗಿಲಲ್ಲಿ ಇನ್ಯಾರೋ ಕೈಬೀಸಿಕೊಂಡು ಒಳಗೆ ನುಗ್ಗಿದಂತೆ ದುರ್ಬೀನಕ್ಕನಿಗೆ ಅನ್ನಿಸುತ್ತಿತ್ತು. ಅವಳಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ, ಹೊರಗೆ ಮಾತ್ರ ನಗುಮುಖ.

ಕೊನೆಯ ಪಂದ್ಯ ನಡೆದದ್ದು ದುರ್ಬೀನಕ್ಕನ ಊರಿನಿಂದ ಅರ್ಧ ದಿನದ ದಾರಿಯ ಒಂದು ದೊಡ್ಡ ಹುಲ್ಲುಗಾವಲಿನಲ್ಲಿ. ದಿನವಿಡೀ ಸುತ್ತಿನ ಮೇಲೆ ಸುತ್ತು. ಎಲ್ಲ ಸುತ್ತಿನಲ್ಲೂ ನಿಗದಿ ಮಾಡಿದ ಸಮಯವನ್ನು ಪೂರ್ತಿ ತುಂಬಿಸಿದ ಕೆಲವರು ಸಂಜೆಗೆ ಉಳಿದರು, ಅವರಲ್ಲಿ ಈ ಇಬ್ಬರೂ ಇದ್ದರು. ಅವರಿಗೆಲ್ಲ ಒಂದೇ ಒಂದು ಅಂತಿಮ ಹಾರಾಟ. ಹೆಚ್ಚು ಹೊತ್ತು ಮೇಲಿದ್ದವನೇ ಮುಂದೆ.

ಸಮಯ ನೋಡುವವರು ಸಾಲಲಿಲ್ಲ. ಯಾವಾಗ ಸಾಲುತ್ತಿತ್ತು ಅನ್ನಿ. ಹಿರಿಯ ತೀರ್ಪುಗಾರರು ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ದುರ್ಬೀನಕ್ಕನ ಚೀಟಿಯಲ್ಲಿ ಇದ್ದದ್ದು ಹಲ್ಲಿನ ಡಾಕ್ಟರ ಸಂಖ್ಯೆ.

"ಸಾರ್, ನನ್ನ ಯಜಮಾನರೂ ಇದ್ದಾರೆ ಇದರಲ್ಲಿ. ಬೇರೆ ಯಾರಿಗಾದ್ರೂ ಹಾಕಿ," ಅಂದಳು.

"ಇಲ್ಲಿ ಎಲ್ಲರಿಗೂ ಯಾರೋ ಒಬ್ಬರು ಇದ್ದೇ ಇದ್ದಾರಮ್ಮ. ಚೀಟಿ ಅಂದ್ರೆ ಚೀಟಿ."

"ದುರ್ಬೀನಕ್ಕ ನೋಡ್ತಾರೆ ಅಂದ್ರೆ ನನಗೆ ನಿಶ್ಚಿಂತೆ," ಎಂದು ಹಲ್ಲಿನ ಡಾಕ್ಟರು ಆಚೆಯಿಂದ ಕೂಗಿ ನಕ್ಕರು.

ಅವಳು ಗಂಡನ ಮುಖ ನೋಡಿದಳು. ಸಮಯ ನೋಡುವ ಕೆಲಸವಿಲ್ಲದಾಗ ಸೈಕಲ್ಲು ಹತ್ತಿ ಅವನ ವಿಮಾನದ ಹಿಂದೆ ಹೋಗಿ ಹುಡುಕಿ ತರುವವಳು ಅವಳೇ. ಅವನು ರಬ್ಬರಿಗೆ ಕೊಕ್ಕೆ ಸಿಕ್ಕಿಸುತ್ತ ತಲೆಯೆತ್ತದೆ ಅಂದ: "ಹೋಗು. ಇದರ ಹಿಂದೆ ನಾನೇ ಹೋಗ್ತೀನಿ. ಸೈಕಲ್ ಎಲ್ಲಿಟ್ಟಿದ್ದೀಯ?"

ಅವಳ ಜೊತೆ ಸಮಯ ನೋಡಲು ಬಂದವನು ಬೇರೆ ದೇಶದ ಒಬ್ಬ ಮುದುಕ. ಅವನ ಭಾಷೆ ಇವಳಿಗೆ ಬಾರದು, ಇವಳದು ಅವನಿಗೆ ಬಾರದು. ಕೈಸನ್ನೆ, ತಲೆಯಾಡಿಸುವುದು, ಅಷ್ಟರಲ್ಲೇ ಅವರ ಸಂಸಾರ. ಅವನ ಒಂದು ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆಗಾಗ ಕರವಸ್ತ್ರದಿಂದ ಒತ್ತಿಕೊಳ್ಳುತ್ತಿದ್ದ.

ಗಂಟೆ ಬಾರಿಸಿದರು. ಯಾರೂ ಎಸೆಯಲಿಲ್ಲ. ಹೀಗೇ ಆಗುವುದು. ರಬ್ಬರ್ ತಿರುಚಿಟ್ಟ ವಿಮಾನ ಹಿಡಿದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಾರೆ, ಯಾರಾದರೂ ಮೊದಲು ಎಸೆಯಲಿ, ಗಾಳಿ ಹೇಗಿದೆ ನೋಡೋಣ ಎಂದು. ಗಾಳಿ ತಿಳಿಯಲೆಂದು ಕೋಲುಗಳ ತುದಿಗೆ ಕಟ್ಟಿದ ಮಿರುಗುವ ಪಟ್ಟಿಗಳು ಜೋಲುಬಿದ್ದಿದ್ದವು. ಹುಲ್ಲು ಅಲ್ಲಾಡುತ್ತಿರಲಿಲ್ಲ. ದುರ್ಬೀನಕ್ಕನ ಎದೆ ಡವಗುಟ್ಟುವುದು ಕೊರಳಿನ ಗಡಿಯಾರಕ್ಕೇ ತಾಗುತ್ತಿತ್ತು. ಅಷ್ಟರಲ್ಲಿ ಅವಳ ಕಿವಿಯ ಹಿಂದೆ ಸಣ್ಣಗೆ ತಂಪು ಸುಳಿಯಿತು. ಎಲ್ಲೋ ಹತ್ತಿರದಲ್ಲಿ ಬಿಸಿಗಾಳಿ ಮೇಲೇಳುತ್ತಿದ್ದರೆ ಸುತ್ತಲಿನ ತಂಪು ಹೀಗೆ ಅದರ ಕಡೆ ಸರಿಯುತ್ತದೆ. ಈಗ, ಎಂದು ಮನಸ್ಸಿನಲ್ಲೇ ಗಂಡನಿಗೆ ಹೇಳಿದಳು. ಅವನಿಗೂ ತಿಳಿದಿತ್ತು. ಎರಡು ಹೆಜ್ಜೆ ಓಡಿ ಎಸೆದ. ಕಪ್ಪು ರೆಕ್ಕೆಯ ವಿಮಾನ ಸುಯ್ಯೆಂದು ನೆಟ್ಟಗೆ ಏರಿತು. ಅದು ಚೆನ್ನಾಗಿ ಏರಿದ್ದನ್ನು ನೋಡಿಕೊಂಡು, ಸ್ವಲ್ಪ ತಡಮಾಡಿ, ಹಲ್ಲಿನ ಡಾಕ್ಟರು ತಮ್ಮದನ್ನು ಅದರ ಬೆನ್ನಿಗೇ ಎಸೆದರು.

ದುರ್ಬೀನಕ್ಕ ವಾಚು ಒತ್ತಿ ದುರ್ಬೀನನ್ನು ಕಣ್ಣಿಗೇರಿಸಿದಳು. ಇನ್ನು ಅವಳಿಗೆ ಕಪ್ಪು ರೆಕ್ಕೆ ಇಲ್ಲ, ಕಿತ್ತಳೆ ರೆಕ್ಕೆ ಮಾತ್ರ.

ಕಿತ್ತಳೆ ಏರಿತು, ಸುತ್ತಿತು, ಗಾಳಿಯ ಜೊತೆ ದೂರ ಸರಿಯಿತು. ಬಣ್ಣ ಹೋಗಿ ಕಂದಾಯಿತು, ಕಂದು ಹೋಗಿ ಒಂದು ಗೆರೆಯಾಯಿತು. ಬಯಲಿನ ಆ ತುದಿಯಲ್ಲಿ ಮರಗಳ ಸಾಲು, ಅದರ ಮೇಲೆ ಸಂಜೆಯ ಮಬ್ಬು. ಅವಳ ತೋಳು ನೋಯತೊಡಗಿತು. ಹುಬ್ಬಿನ ಬೆವರು ಜಾರಿ ಕಣ್ಣಿಗೆ ಬಂತು. ತಡೆಯಲಾಗದೆ ಒಂದು ಸಲ ರೆಪ್ಪೆ ಮುಚ್ಚಿ, ಭುಜಕ್ಕೆ ಒರೆಸಿಕೊಂಡು ಮತ್ತೆ ನೋಡಿದಳು. ಗೆರೆ ಇರಲಿಲ್ಲ. ದುರ್ಬೀನನ್ನು ಅತ್ತಿತ್ತ ಆಡಿಸಿದಳು. ಅಗೋ, ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲೆ, ಒಂದು ಚುಕ್ಕೆ ಸುತ್ತುತ್ತಿತ್ತು. ಸಿಕ್ಕಿತು ಎಂದು ಉಸಿರು ಬಿಟ್ಟಳು.

ಪಕ್ಕದ ಮುದುಕ ದುರ್ಬೀನು ಇಳಿಸಿ, ಎರಡೂ ಕೈ ಅಗಲಿಸಿ, ಇಲ್ಲವೆಂಬಂತೆ ತಲೆಯಾಡಿಸಿದ. ಕಾಣೆಯಾದರೆ ಹತ್ತು ಸೆಕೆಂಡು ಕಾಯಬೇಕು, ಮತ್ತೆ ಕಾಣದಿದ್ದರೆ ವಾಚು ನಿಲ್ಲಿಸಬೇಕು, ಅದು ನಿಯಮ. ಅವನು ಕಾದು, ನಿಲ್ಲಿಸಿ, ಇವಳ ಕಡೆ ನೋಡಿದ. ಅವಳು ದುರ್ಬೀನು ತೆಗೆಯದೆ ತಲೆಯಾಡಿಸಿ ಮೇಲೆ ತೋರಿಸಿದಳು: ಕಾಣ್ತಾ ಇದೆ.

ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಗಂಡನ ವಿಮಾನದ ಸಮಯ ನೋಡುತ್ತಿದ್ದವರ ದನಿ ಕೇಳಿತು. "ಇಳೀತು," ಅಂದರು.

ಆಗ ಶುರುವಾಯಿತು ಅವಳ ಸಂಕಟ. ಅಲ್ಲಿಯವರೆಗೆ ಎರಡೂ ಆಕಾಶದಲ್ಲಿದ್ದವು. ಈಗ ಗಂಡನದು ನೆಲದಲ್ಲಿದೆ, ಚುಕ್ಕೆ ಮೇಲಿದೆ. ಹಲ್ಲಿನ ಡಾಕ್ಟರು ತಡಮಾಡಿ ಎಸೆದ ಆ ಚೂರು ಸಮಯ ಕಳೆದರೆ ಸಾಕು, ಆಮೇಲಿನ ಒಂದೊಂದು ಸೆಕೆಂಡೂ ಗಂಡನ ಜಾಗವನ್ನು ಕಿತ್ತು ಅವರಿಗೆ ಕೊಟ್ಟಂತೆ. ಹೆಬ್ಬೆರಳ ಕೆಳಗೇ ಗುಂಡಿ. ಕಾಣೆಯಾಯಿತು ಎಂದು ಒತ್ತಿದರೆ ಕೇಳುವವರಿಲ್ಲ. ಮುದುಕ ಆಗಲೇ ಒತ್ತಿದ್ದಾನೆ.

ಚುಕ್ಕೆ ಒಂದು ಸುತ್ತು ಹಾಕಿ ತಿರುಗುವಾಗ ಸ್ವಲ್ಪ ಅಲ್ಲಾಡಿದಂತಾಯಿತು. ರೆಕ್ಕೆ ಬಡಿಯಿತೇ? ಹದ್ದುಗಳೂ ಇದೇ ಬಿಸಿಗಾಳಿಯಲ್ಲಿ ಹೀಗೇ ಸುತ್ತುತ್ತವೆ. ಇದು ಹಕ್ಕಿ, ಎಂದು ಒಳಗಿನಿಂದ ಯಾರೋ ಅಂದರು.

ಯಾರು ಅಂದದ್ದು? ಕಣ್ಣೋ, ಆಸೆಯೋ? ನೋಡು, ಹೇಗೆ ಬಂತು ನೋಡು, ಸರಿಯಾದ ಹೊತ್ತಿಗೆ ಸರಿಯಾದ ಯೋಚನೆ. ಗಂಡನದು ಇಳಿಯುವ ತನಕ ವಿಮಾನವಾಗಿದ್ದದ್ದು ಇಳಿದ ಕೂಡಲೇ ಹಕ್ಕಿಯಾಗಿಬಿಟ್ಟಿತೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಇನ್ನೂ ಕದ್ದೇ ಇಲ್ಲ, ಆಗಲೇ ಹೆಗಲು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಲ್ಲ, ವಿಮಾನವೇ, ಎಂದುಕೊಂಡಳು. ಹಲ್ಲು ಕಚ್ಚಿ ಹಾಗೆಂದುಕೊಂಡಳು. ಹೆಬ್ಬೆರಳನ್ನು ಗುಂಡಿಯಿಂದ ದೂರವಿಟ್ಟಳು. ಚುಕ್ಕೆ ಮಬ್ಬಿನಲ್ಲಿ ಪೂರ್ತಿ ಕರಗಿದ ಮೇಲೆ ಹತ್ತು ಎಣಿಸಿ, ಒತ್ತಿದಳು.

ಎರಡು ಗಡಿಯಾರಕ್ಕೂ ಅಜಗಜಾಂತರ. ಹಿರಿಯ ತೀರ್ಪುಗಾರರು ಇಬ್ಬರನ್ನೂ ಡೇರೆಗೆ ಕರೆದರು. ಮುದುಕ ತನ್ನ ಒಸರುವ ಕಣ್ಣು ತೋರಿಸಿ, ಇವಳ ಕಡೆ ಕೈ ಮಾಡಿ, ಇವರದ್ದನ್ನೇ ಹಿಡಿಯಿರಿ ಎಂಬಂತೆ ತಲೆಯಾಡಿಸಿದ.

"ಕೊನೇ ತನಕ ಕಾಣ್ತಾ ಇತ್ತೇನಮ್ಮ?" ತೀರ್ಪುಗಾರರು ಕೇಳಿದರು.

"ಕಾಣ್ತಾ ಇತ್ತು," ಅಂದಳು.

ತೀರ್ಪುಗಾರರು ಪಕ್ಕದವರ ಕಡೆ ತಿರುಗಿದರು. "ಗಂಡನಿಗೆ ನಷ್ಟ ಆಗೋ ಸುಳ್ಳನ್ನ ಯಾವ ಹೆಂಡತಿ ಹೇಳ್ತಾಳ್ರೀ? ಇವರದ್ದೇ ಬರ್ಕೊಳ್ಳಿ."

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಿಜವಾಗಿ ತಟ್ಟಿದರು. ಹಲ್ಲಿನ ಡಾಕ್ಟರು ಅವಳ ಎರಡೂ ಕೈ ಹಿಡಿದುಕೊಂಡು, "ನಿಮ್ಮಂಥವರು ಇರೋದಕ್ಕೇ ಈ ಆಟ ಉಳಿದಿದೆ," ಅಂದರು. ಅವರ ಕಣ್ಣು ತುಂಬಿತ್ತು. ದುರ್ಬೀನಕ್ಕನಿಗೆ ಆ ಕೈ ಬಿಡಿಸಿಕೊಂಡು ಎಲ್ಲಾದರೂ ಓಡಿಹೋದರೆ ಸಾಕಾಗಿತ್ತು.

ಗಂಡ ವಿಮಾನವನ್ನು ಬೆನ್ನಿಗೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಂದದ್ದು ಆಮೇಲೆ. ಫಲಿತಾಂಶದ ಹಲಗೆಯ ಮೇಲೆ ಬರೆದದ್ದನ್ನು ಓದಿದ. ಇನ್ನೊಮ್ಮೆ ಓದಿದ. ಯಾರೋ ನಡೆದದ್ದನ್ನೆಲ್ಲ ಹೇಳಿದರು, ನಿಮ್ಮ ಮನೆಯವರು ದೊಡ್ಡವರು ಎಂದೂ ಸೇರಿಸಿದರು. ಅವನು ಜನರ ನಡುವೆ ಅವಳನ್ನು ಹುಡುಕಿ ಒಂದು ಸಲ ನೋಡಿದ. ತೀರ್ಪುಗಾರರು ನಿಯಮದಂತೆ ಕೇಳಿದರು: "ತಕರಾರು ಏನಾದ್ರೂ ಇದೆಯಾ?"

"ಇಲ್ಲ," ಅಂದ. ಕಾರಿನ ಕಡೆ ನಡೆದ.

ಅವಳು ಹಿಂದೆಯೇ ಹೋದಳು. ಅವನು ಡಿಕ್ಕಿ ತೆರೆದು ರೆಕ್ಕೆಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಹಾಸಿದ ಬಟ್ಟೆಯ ಮೇಲೆ ಒಂದೊಂದಾಗಿ ಮಲಗಿಸುತ್ತಿದ್ದ. ಮಾತಿಲ್ಲ. ಅವಳು ಪಕ್ಕದಲ್ಲಿ ನಿಂತಳು, ಕೆಮ್ಮಿದಳು, ನೀರು ಕೊಟ್ಟಳು. ಹೂಂ ಅಂದ. ಆ ಹೂಂ ಅವಳಿಗೆ ಗುರುತಿನದು. ಶುರುವಾಯಿತು ಎಂದುಕೊಂಡಳು.

"ರೀ, ನಾನು ಹೋಗಿ ಅವರಿಗೆ ಹೇಳಿ ಬರ್ತೀನಿ. ಕೊನೆಗೊಂದಿಷ್ಟು ಹೊತ್ತು ನನಗೇ ಅನುಮಾನ ಇತ್ತು."

"ಬೇಡ."

"ಬೇಡ ಅಂದ್ರೆ? ಹಕ್ಕಿನೇ ಇದ್ರೂ ಇರಬಹುದು ರೀ ಅದು."

ಅವನು ಕೈಯಲ್ಲಿದ್ದ ರೆಕ್ಕೆಯನ್ನು ಇಟ್ಟು ಪೆಟ್ಟಿಗೆಯ ಅಂಚು ಹಿಡಿದುಕೊಂಡ. "ಹಕ್ಕಿನೇ," ಅಂದ. "ಮರದ ಸಾಲಿನ ಆಚೆ ನಾನು ಹೋದಾಗ ನಂದಿನ್ನೂ ತಲೆ ಮೇಲೆ ಸುತ್ತುತ್ತಾ ಇತ್ತು. ಡಾಕ್ಟರದ್ದು ಆಗಲೇ ಹುಲ್ಲಲ್ಲಿ ಬಿದ್ದಿತ್ತು. ಬಾಲದ ಮೇಲಿನ ಹಲ್ಲು ನೋಡಿದೆ. ಸೈಕಲ್ ಪಕ್ಕಕ್ಕೆ ತಿರುಗಿಸಿ ಹೋದೆ."

ದುರ್ಬೀನಕ್ಕ ಪೆಟ್ಟಿಗೆಯ ಇನ್ನೊಂದು ಅಂಚು ಹಿಡಿದುಕೊಂಡಳು. ಆಮೇಲೆ ಅಂದಳು: "ಮತ್ತೆ ತಕರಾರಿಲ್ಲ ಅಂದ್ರಲ್ಲ."

"ನೀನು ಆಗಲೇ ಕಂಡೆ ಅಂದಿದ್ದೆ. ಅಷ್ಟು ಜನದ ಮುಂದೆ ನನ್ನ ಹೆಂಡತಿ ಸುಳ್ಳು ಹೇಳ್ತಾಳೆ ಅಂತ ನಾನು ಕೈಯೆತ್ತಲಾ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬಿಟ್ಟುಬಿಡು."

"ಬಿಡೋದಾ? ನಿಮ್ಮ ಜಾಗ ರೀ ಅದು," ಎಂದವಳು ಅವನು ತಡೆಯುವ ಮುಂಚೆ ಡೇರೆಯ ಕಡೆ ಓಡಿದಳು.

ತೀರ್ಪುಗಾರರು ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಹಲ್ಲಿನ ಡಾಕ್ಟರೂ ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದರು. ಅವಳು ಏದುಸಿರಿನಲ್ಲೇ ಹೇಳಿದಳು. "ಸಾರ್, ನನ್ನಿಂದ ತಪ್ಪಾಯ್ತು. ನಾನು ಕೊನೆಗೆ ನೋಡ್ತಾ ಇದ್ದದ್ದು ವಿಮಾನ ಅಲ್ಲ. ಹಕ್ಕಿ."

ತೀರ್ಪುಗಾರರು ಕನ್ನಡಕ ತೆಗೆದರು. "ಆಗ ಕಾಣ್ತಾ ಇತ್ತು ಅಂದಿರಿ. ಈಗ ಹಕ್ಕಿ ಅಂತ ಹೇಗೆ ಗೊತ್ತಾಯ್ತು?"

"ವಿಮಾನ ಅಷ್ಟು ಹೊತ್ತಿಗಾಗಲೇ ಬಿದ್ದಿತ್ತು ಸಾರ್. ನೋಡಿದವರಿದ್ದಾರೆ."

"ಯಾರು?"

ಬಾಯಿ ತೆರೆದಳು. ಉತ್ತರ ಹೊರಗೆ ಬರುವ ಮೊದಲೇ ಅದು ಹೇಗೆ ಕೇಳಿಸುತ್ತದೆ ಎಂದು ಅವಳಿಗೆ ಕೇಳಿಸಿತು. "ನನ್ನ ಯಜಮಾನರು," ಅಂದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹಲ್ಲಿನ ಡಾಕ್ಟರು ಲೋಟದೊಳಗೆ ನೋಡಿದರು. ತೀರ್ಪುಗಾರರು ಬಹಳ ಮೆತ್ತಗೆ ಹೇಳಿದರು: "ನೋಡಮ್ಮ, ನಿಮ್ಮ ಸಂಕಟ ಅರ್ಥ ಆಗುತ್ತೆ. ಕಾರಿನ ಹತ್ತಿರ ಏನು ಮಾತಾಯ್ತೋ ಅದು ಗಂಡ ಹೆಂಡಿರ ವಿಷಯ. ಆಗ ಹೇಳಿದ್ದು ದೊಡ್ಡ ಮಾತು, ಅದನ್ನ ನೀವೇ ಹಾಳು ಮಾಡ್ಕೋಬೇಡಿ. ಮನೆಗೆ ಹೋಗಿ."

"ಅವರು ಹೋಗು ಅನ್ನಲಿಲ್ಲ ಸಾರ್. ಬೇಡ ಅಂದ್ರು. ನಾನೇ ಬಂದದ್ದು."

"ಆಯ್ತಮ್ಮ," ಅಂದರು ತೀರ್ಪುಗಾರರು. ನಂಬದವರು ಅನ್ನುವ ಆಯ್ತು ಅದು.

ಅವಳು ಹುಲ್ಲಿನ ಮೇಲೆ ಹಿಂದಕ್ಕೆ ನಡೆದಳು. ಸುಳ್ಳಿಗೆ ಚಪ್ಪಾಳೆ ತಟ್ಟಿದ ಜನರೇ ನಿಜಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಇನ್ನು ಈ ಬಯಲಿನಲ್ಲಿ ಅವಳ ಕೈಗೆ ಯಾರೂ ವಾಚು ಕೊಡುವುದಿಲ್ಲ, ಲಿಫ್ಟಿನವನು ಹೆಂಡತಿಯನ್ನು ಬೆದರಿಸಿ ಕಳಿಸಿದ ಎಂದು ಮುಂದಿನ ಋತುವಿಡೀ ಮಾತಾಗುತ್ತದೆ. ಅವನು ಬೇಡ ಅಂದದ್ದು ಇದಕ್ಕೇ. ಜಾಗ ಹೇಗೂ ಹೋಗಿತ್ತು, ಅವಳು ಓಡಿಹೋಗಿ ಅವನ ಮಾನವನ್ನೂ ಕೊಟ್ಟು ಬಂದಿದ್ದಳು.

ಅವನು ಕಾರಿನೊಳಗೆ ಕೂತಿದ್ದ. ಅವಳು ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡಳು.

"ನಂಬಲಿಲ್ಲ," ಅಂದಳು.

"ಗೊತ್ತಿತ್ತು."

ಇದೊಂದನ್ನೂ ಒಳಗಿಟ್ಟುಕೊಂಡರೆ ತನಗೆ ಉಸಿರು ಕಟ್ಟುತ್ತದೆ ಎಂದು ಅವಳಿಗೆ ಅನ್ನಿಸಿತು. "ರೀ, ರೆಕ್ಕೆ ಬಡಿದದ್ದು ಕಂಡಿತ್ತು ನನಗೆ. ಹಕ್ಕಿ ಅಂತ ಆಗಲೇ ಅನ್ನಿಸ್ತು. ನಿಮ್ಮದು ಇಳೀತು ಅಂತ ಕೇಳಿದ ಮೇಲೆ ಅನ್ನಿಸಿದ್ದು, ಅದಕ್ಕೇ ನಂಬಲಿಲ್ಲ. ನಿಮಗೋಸ್ಕರ ಅನ್ನಿಸ್ತಿದೆ ಅಂದ್ಕೊಂಡೆ."

ಅವನು ಅವಳ ಕಡೆ ತಿರುಗಿದ. "ಅಂದ್ರೆ, ನೀನು ಬೇರೆ ಯಾರ ಹೆಂಡತಿಯಾಗಿದ್ದಿದ್ರೂ ವಾಚು ನಿಲ್ಲಿಸ್ತಿದ್ದೆ."

"ಹೂಂ."

"ನನ್ನ ಹೆಂಡತಿ ಆಗಿದ್ದಕ್ಕೆ ನಿಲ್ಲಿಸಲಿಲ್ಲ."

"ಹೂಂ," ಅಂದಳು. ಈ ಸಲ ಹೂಂ ಎನ್ನುತ್ತಿದ್ದವಳು ಅವಳು.

ಅವನು ನಗತೊಡಗಿದ. ಸದ್ದಿಲ್ಲದೆ ಶುರುವಾದ ನಗು, ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡು, ಭುಜ ಕುಲುಕಿಸಿಕೊಂಡು ನಕ್ಕ. ಅದು ಯಾವ ನಗುವೋ ಅವಳಿಗೆ ತಿಳಿಯಲಿಲ್ಲ. ಕೈ ಚಾಚಿ ಬೆನ್ನು ಮುಟ್ಟಲು ಹೋಗಿ, ಅಳುತ್ತಿದ್ದರೆ ಎಂದು ಹೆದರಿ, ಕೈಯನ್ನು ಮಡಿಲಿಗೇ ತಂದುಕೊಂಡಳು. ನಗು ಮುಗಿದ ಮೇಲೆ ಅವನು ಏನಾದರೂ ಹೇಳುತ್ತಾನೋ ಇಲ್ಲವೋ ಎಂದು ಅವನ ಬಾಯಿಯನ್ನೇ ನೋಡುತ್ತ ಕೂತಳು.